ಗೋಡೆ ಕಟ್ಟಿದವರ ಅಧ್ಯಾಯ

ಫೋನು ಬಂದಾಗ ನಾನು ಬೈಬಲ್ ಇನ್ನೂ ತೆರೆದಿರಲಿಲ್ಲ. ದಸರಾ ರಜೆಯ ಎರಡನೇ ದಿನ. ಅಪ್ಪ ಮುಖ ತೊಳೆದು, ಜಗಲಿಯ ಬೆಂಚಿನ ಮೇಲೆ ತಮ್ಮ ಜಾಗದಲ್ಲಿ ಕೂತು, ನಾನು ಚಾ ಲೋಟ ತೊಳೆದಿಟ್ಟು ಬರುವುದನ್ನು ಕಾಯುತ್ತಿದ್ದರು. ಏಳಕ್ಕೆ ಹತ್ತು ನಿಮಿಷ ಇತ್ತು. ಕರೆ ಮಾಡಿದ್ದು ರಬ್ಬರ್ ತೋಟದ ಮೇಸ್ತ್ರಿ. ನನ್ನ ತಮ್ಮ ಮನೆಗೆ ಬಂದಿದ್ದಾನಾ ಎಂದು ಕೇಳಿದರು. ಇಲ್ಲ, ಐದೂವರೆಗೆ ಟ್ಯಾಪಿಂಗಿಗೆ ಹೋದವನು ಹತ್ತು ಗಂಟೆಗೆ ಮೊದಲು ಯಾಕೆ ಬರುತ್ತಾನೆ ಎಂದೆ.

"ಮೇಲಿನ ಬ್ಲಾಕಿನಲ್ಲಿ ಆನೆ ಉಂಟು ಟೀಚರೆ. ಎಲ್ಲರೂ ಇಳಿದು ಬಂದ್ರು. ಇಬ್ಬರು ಬರ್ಲಿಲ್ಲ. ನಿಮ್ಮ ತಮ್ಮನ ಫೋನು ಸಿಗುದಿಲ್ಲ."

ಇನ್ನೊಬ್ಬರು ಯಾರು ಎಂದು ಕೇಳಿದೆ. ತಮ್ಮನ ಪಕ್ಕದ ಸಾಲುಗಳಲ್ಲಿ ಹಾಲಿಗಾಗಿ ರಬ್ಬರ್ ಮರ ಕೆತ್ತುವ ಹೆಂಗಸು. ನಮ್ಮ ಲೈನಿನಲ್ಲೇ, ಅಂದರೆ ತೋಟದವರ ಮನೆಸಾಲಿನಲ್ಲೇ, ನಾಲ್ಕು ಮನೆ ಆಚೆ ಇದ್ದವಳು, ನನಗಿಂತ ಆರೇಳು ವರ್ಷ ದೊಡ್ಡವಳು. ಲೈನಿನ ನಾವೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅರಣ್ಯದವರು ಬರುವವರೆಗೆ ಯಾರೂ ಮೇಲೆ ಹೋಗಬಾರದು ಎಂದು ಹೇಳಿ ಮೇಸ್ತ್ರಿ ಫೋನು ಇಟ್ಟರು.

ನಮ್ಮ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಅಜ್ಜ, ಅಜ್ಜಿ ಸಿಲೋನಿನ ಚಹಾ ತೋಟದಲ್ಲಿದ್ದವರು. ಆ ದೇಶಕ್ಕೆ ಬೇಡವಾದಾಗ ಈ ದೇಶ ಅವರಿಗೆ ಸುಳ್ಯದ ಕಡೆಯ ರಬ್ಬರ್ ತೋಟದಲ್ಲಿ ಕೆಲಸ ಕೊಟ್ಟಿತು, ಲೈನ್ ಮನೆಯ ಎರಡು ಕೋಣೆ ಕೊಟ್ಟಿತು. ಅಪ್ಪ ಹರೆಯದಲ್ಲಿ ಕೈಗೆತ್ತಿಕೊಂಡ ಟ್ಯಾಪಿಂಗ್ ಕತ್ತಿಯನ್ನು ನಿವೃತ್ತಿಯ ದಿನ ಕೆಳಗಿಟ್ಟರು. ಅವರ ನಂತರ ತಮ್ಮ ಆ ಕೆಲಸಕ್ಕೆ ಹೋದ. ನಾನು ಓದಿ ಬೆಟ್ಟಂಪಾಡಿಯ ಹತ್ತಿರ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಆದೆ. ಮನೆಮಾತು ತಮಿಳು. ಸಿಟ್ಟು ಬಂದಾಗ, ಅಥವಾ ಹೇಳಿದ ಮಾತು ಅಲ್ಲಾಡದೆ ನಿಲ್ಲಬೇಕು ಅನ್ನಿಸಿದಾಗ ಮಾತ್ರ ಅಪ್ಪ ನನ್ನೊಡನೆ ಕನ್ನಡಕ್ಕೆ ತಿರುಗುತ್ತಾರೆ.

ಅಪ್ಪನದ್ದು ದಿನಕ್ಕೊಂದು ಅಧ್ಯಾಯ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಸಾಲಾಗಿ, ಒಂದನ್ನೂ ಬಿಡದೆ. ಒಂದು ಸುತ್ತು ಮುಗಿಯಲು ಮೂರು ವರ್ಷಕ್ಕಿಂತ ಹೆಚ್ಚು ಬೇಕು. ಮುಗಿದ ಮರುದಿನ ಮತ್ತೆ ಮೊದಲಿನಿಂದ. ಅಮ್ಮ ತೀರಿಕೊಂಡ ದಿನವೂ ಓದಿದ್ದರು. ಆಮೇಲೆ ಕಣ್ಣಿನ ನರ ಒಣಗುವ ಕಾಯಿಲೆ ಬಂತು. ಪುತ್ತೂರಿನ ಕಣ್ಣಿನ ಡಾಕ್ಟರು ಹೋದ ನೋಟ ಹಿಂದೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದರು. ಉಳಿದದ್ದರಲ್ಲಿ ಅಕ್ಷರ ಕಾಣಿಸುತ್ತಿರಲಿಲ್ಲ. ನನಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ನಾನು ಕನ್ನಡ ಬೈಬಲ್ ಓದುವುದು, ಅಪ್ಪ ತುಟಿಯಲ್ಲೇ ಅದನ್ನು ತಮಿಳಿಗೆ ಮಾಡಿಕೊಳ್ಳುವುದು ಎಂದಾಯಿತು. ಶಾಲೆ ಇರುವ ದಿನ ಬೆಳಿಗ್ಗೆ ಬೆಟ್ಟಂಪಾಡಿಯಿಂದ ಫೋನಿನಲ್ಲಿ ಓದುತ್ತಿದ್ದೆ. ರಜೆಯಲ್ಲಿ ಮನೆಯಲ್ಲಿ.

ನಿಜ ಹೇಳುವುದಾದರೆ ನಾನು ಓದುತ್ತಿದ್ದದ್ದು ಹಾಜರಿ ಕರೆದ ಹಾಗೆ. ಬಾಯಿ ಅದರ ಪಾಡಿಗೆ ಓದುತ್ತಿತ್ತು, ತಲೆಯಲ್ಲಿ ಆ ದಿನದ ಪಾಠ ಓಡುತ್ತಿತ್ತು. ಕಾಲೇಜಿಗೆ ಹೋದ ಮೇಲೆ ನನಗಾಗಿ ನಾನು ಆ ಪುಸ್ತಕ ತೆರೆದದ್ದು ನೆನಪಿಲ್ಲ. ದೇವರನ್ನು ಬಿಟ್ಟಿರಲಿಲ್ಲ. ಅಪ್ಪನ ವಶಕ್ಕೆ ಒಪ್ಪಿಸಿ ನಾನು ಹಗುರಾಗಿದ್ದೆ, ಅಷ್ಟೇ.

ಆ ಬೆಳಿಗ್ಗೆ ಮೇಸ್ತ್ರಿ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಕೇಳಿದರು. ಯಾವ ಬ್ಲಾಕು ಎಂದರು. ಹೇಳಿದೆ. ಅದು ಅವರೇ ವರ್ಷಗಟ್ಟಲೆ ಮರ ಕೆತ್ತಿದ ಜಾಗ, ಕಾಡಿಗೆ ತಾಗಿಕೊಂಡದ್ದು. ಅವರ ಎರಡೂ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡವು. ನಾನು ಚಪ್ಪಲಿ ಹುಡುಕುತ್ತಿದ್ದೆ. ರಬ್ಬರ್ ಹಾಲು ಅಳೆಯುವ ಶೆಡ್ಡಿನವರೆಗಾದರೂ ಹೋಗಿ ನಿಲ್ಲುತ್ತೇನೆ ಎಂದೆ.

"ಓದಿ ಹೋಗು," ಎಂದರು ಅಪ್ಪ.

ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದರು. ಆಗ ನನ್ನ ಬಾಯಿಂದ ಏನೇನು ಬಂತೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಮಗ ಬದುಕಿದ್ದಾನೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ನಿಮಗೆ ಅಧ್ಯಾಯದ ಲೆಕ್ಕ ತಪ್ಪಬಾರದು, ಅಲ್ಲವಾ ಎಂದು ಕೇಳಿದ್ದು ನೆನಪಿದೆ. ಅಪ್ಪ ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. ಅರಣ್ಯದ ಜೀಪು ಇನ್ನೂ ಬಂದಿರಲಿಲ್ಲ. ಅದು ಬಂದರೆ ಲೈನಿನ ಮುಂದಿನಿಂದಲೇ ಹೋಗಬೇಕು. ಅಲ್ಲಿಯವರೆಗೆ ಶೆಡ್ಡಿನಲ್ಲಿ ನಿಂತರೂ ಇಲ್ಲಿ ಕೂತರೂ ಒಂದೇ. ನಾನು ಕೂತೆ.

ಕೂತವಳು ಹಿಂದಿನ ದಿನ ಬಿಟ್ಟಲ್ಲಿಗೆ ಹೋಗಲಿಲ್ಲ. ಪುಸ್ತಕದ ನಡುಭಾಗಕ್ಕೆ, ಕೀರ್ತನೆಗಳಿಗೆ ಹೋದೆ. ಕಷ್ಟದಲ್ಲಿರುವವರಿಗೆ ಎಲ್ಲರೂ ಓದಿ ಹೇಳುವ ಭಾಗ ಅದು. ದೇವರು ಕಾಯುತ್ತಾನೆ, ಕಾಲು ಜಾರಗೊಡುವುದಿಲ್ಲ ಎಂಬಂಥದ್ದು ಏನಾದರೂ ನನಗೆ ಆಗ ಬೇಕಿತ್ತು. ಪುಟ ಮಗುಚಿದ ಸದ್ದಿನಿಂದಲೇ ಅಪ್ಪನಿಗೆ ತಿಳಿಯಿತು. ಕನ್ನಡದಲ್ಲಿ ಹೇಳಿದರು.

"ಅದಲ್ಲ. ನಿನ್ನೆ ಎಲ್ಲಿ ನಿಲ್ಲಿಸಿದ್ದು? ಇವತ್ತಿಂದು ಓದು."

ಆ ದಿನದ್ದು ಒಂದು ಹೆಸರಿನ ಪಟ್ಟಿ. ಶತ್ರುಗಳು ಸುಟ್ಟು ಕೆಡವಿದ ಪಟ್ಟಣದ ಗೋಡೆಯನ್ನು ಜನ ಹಿಂದಿರುಗಿ ಬಂದು ಮತ್ತೆ ಕಟ್ಟುತ್ತಾರೆ. ಯಾರು ಯಾವ ಬಾಗಿಲಿನಿಂದ ಯಾವ ಬುರುಜಿನವರೆಗೆ ಕಟ್ಟಿದರು ಎಂಬುದಷ್ಟೇ ಆ ಅಧ್ಯಾಯ. ಇಂಥವನು, ಇಂಥವನ ಮಗ. ಅವನ ಪಕ್ಕದಲ್ಲಿ ಇನ್ನೊಬ್ಬ. ಅವನ ಪಕ್ಕದಲ್ಲಿ ಮತ್ತೊಬ್ಬ. ಅಕ್ಕಸಾಲಿಗ, ಸುಗಂಧ ಮಾರುವವ, ಹೆಣ್ಣುಮಕ್ಕಳನ್ನು ಕರಕೊಂಡು ಬಂದು ಕಟ್ಟಿದ ಒಬ್ಬ ಅಪ್ಪ, ತನ್ನ ಮನೆಯ ಎದುರಿನಷ್ಟನ್ನು ಮಾತ್ರ ಕಟ್ಟಿದ ಒಬ್ಬ. ಒಂದೇ ಒಂದು ಸಮಾಧಾನದ ಮಾತಿಲ್ಲ. ಆ ಹೆಸರುಗಳೋ, ಶಾಂತವಾಗಿದ್ದಾಗಲೂ ನಾಲಗೆಗೆ ತೊಡಕಾಗುವಂಥವು.

ಓದುತ್ತಾ ಹೋದೆ. ಅರ್ಧಕ್ಕೆ ಬಂದಾಗ ಗುಡ್ಡದ ಕಡೆಯಿಂದ ಆನೆ ಘೀಳಿಟ್ಟಿತು. ದೂರ ಅಲ್ಲ. ನಾನು ನಿಲ್ಲಿಸಿದೆ. ಅಪ್ಪನ ಕೈ ನನ್ನ ಮೊಣಕಾಲಿನ ಮೇಲೆ ಬಂತು. "ಅವನ ಪಕ್ಕದಲ್ಲಿ ಯಾರು?" ಎಂದು ತಮಿಳಿನಲ್ಲಿ ಕೇಳಿದರು. ನಾನು ಮುಂದಿನ ಹೆಸರು ಓದಿದೆ. ತಮ್ಮನ ಪಕ್ಕದ ಸಾಲಿನಲ್ಲಿ ಅಕ್ಕ ಇದ್ದಾಳೆ ಎಂದು ಆಗ ನೆನಪಾಯಿತು. ಅಷ್ಟು ಹೊತ್ತು ನಾನು ಅವಳನ್ನು ಮರೆತೇಬಿಟ್ಟಿದ್ದೆ.

ಅಧ್ಯಾಯ ಮುಗಿಯುವ ಹೊತ್ತಿಗೆ ಜೀಪು ಬಂತು. ನಾನು ಅದರ ಹಿಂದೆಯೇ ಓಡಿದೆ.

ಹಾಲು ಅಳೆಯುವ ಶೆಡ್ಡಿನಲ್ಲಿ, ಅಂದರೆ ರಬ್ಬರ್ ಹಾಲನ್ನು ತಂದು ಕೊಡುವ ಜಾಗದಲ್ಲಿ, ಮೂವತ್ತು ನಲವತ್ತು ಜನ ನಿಂತಿದ್ದರು. ಅಕ್ಕನ ಗಂಡ ಅಲ್ಲೇ ಕೆಲಸಕ್ಕಿದ್ದವನು. ಅವನು ಕ್ಯಾನುಗಳನ್ನು ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಮೇಸ್ತ್ರಿ ಬಿಡು ಎಂದರೂ ಬಿಡಲಿಲ್ಲ. ಅರಣ್ಯದವರು ಪಟಾಕಿ ಹೊತ್ತುಕೊಂಡು ಮೇಲೆ ಹೋದರು. ಒಂದು ಸಲ ಪಟಾಕಿ ಸಿಡಿಯಿತು, ಆಮೇಲೆ ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಒಂದು ಗಂಟೆ ಕಳೆದಿರಬೇಕು. ಜೀಪಿನ ಹತ್ತಿರ ಉಳಿದಿದ್ದ ವಾಚರ್, ಸುಳ್ಯದ ಕಡೆಯ ಗೌಡರ ಪೈಕಿ ವಯಸ್ಸಾದ ಮನುಷ್ಯ, ವಾಕಿಟಾಕಿಯನ್ನು ಕಿವಿಗೆ ಹಿಡಿದು ಎರಡು ಸಲ ಹೂಂ ಎಂದ. ನಮ್ಮ ಕಡೆಗೆ ತಿರುಗಿದ.

"ಒಬ್ಬರು ಸಿಕ್ಕಿದ್ದಾರೆ. ಜೀವ ಉಂಟು. ಇನ್ನೊಬ್ಬರು ಇಲ್ಲ."

ಯಾರು ಎಂದು ಯಾರೋ ಕೇಳಿದರು. ಅದು ಸರಿಯಾಗಿ ಕೇಳಿಸಲಿಲ್ಲ, ಕಾಯಿರಿ ಎಂದ.

ಎಷ್ಟು ಹೊತ್ತು ಕಾದೆವೋ, ಮೂರು ನಿಮಿಷ ಇರಬಹುದು. ಅಕ್ಕನ ಗಂಡ ನನ್ನಿಂದ ನಾಲ್ಕು ಹೆಜ್ಜೆ ಆಚೆ ಕ್ಯಾನು ಹಿಡಿದು ನಿಂತಿದ್ದ. ನಾನು ಪ್ರಾರ್ಥಿಸಿದೆ. ವರ್ಷಗಳ ಮೇಲೆ, ಯಾರೂ ಹೇಳದೆ, ಪೂರ್ತಿ ಮನಸ್ಸಿಟ್ಟು ಪ್ರಾರ್ಥಿಸಿದೆ. ಬದುಕಿರುವುದು ನನ್ನ ತಮ್ಮ ಆಗಿರಲಿ ಎಂದು. ಅವನು ಆಗಿರಲಿ ಎಂದರೆ ಅವಳು ಆಗಿರಬಾರದು ಎಂದೇ ಅರ್ಥ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿದೆ, ಅವಳ ಗಂಡನ ಮುಖ ನೋಡುತ್ತಲೇ ಬೇಡಿದೆ.

ಬದುಕಿದ್ದವನು ನನ್ನ ತಮ್ಮ.

ಬೆಟ್ಟದ ನೀರು ಹರಿಯಲು ತೋಡಿದ ಕಣಿಯಲ್ಲಿ ಅವನು ಮಲಗಿದ್ದನಂತೆ. ಭುಜದ ಕೀಲು ತಪ್ಪಿತ್ತು, ಮೈಯೆಲ್ಲ ಮಣ್ಣು. ನನ್ನ ಗುರುತೇ ಇಲ್ಲದವನ ಹಾಗೆ ನೋಡಿದ. ಅವನನ್ನು ಜೀಪಿನಲ್ಲಿ ಮಲಗಿಸುವಾಗ ಅಕ್ಕನ ಗಂಡ ಕ್ಯಾನನ್ನು ಮೆಲ್ಲ ಕೆಳಗಿಟ್ಟು, ಕೈ ಒರೆಸಿಕೊಂಡು ಗುಡ್ಡದ ದಾರಿ ಹತ್ತಲು ಹೊರಟ. ನಾಲ್ಕು ಜನ ಅವನನ್ನು ಹಿಡಿದರು. ಅವನು ಜಗ್ಗಲೂ ಇಲ್ಲ, ಅಳಲೂ ಇಲ್ಲ. ಹಿಡಿದವರ ನಡುವೆ ಸುಮ್ಮನೆ ನಿಂತ.

ಪುತ್ತೂರಿನ ಆಸ್ಪತ್ರೆಯಲ್ಲಿ ಕೀಲು ಕೂರಿಸಿ ಮೂರು ದಿನ ಇಟ್ಟುಕೊಂಡರು. ಎರಡನೇ ದಿನ ಮಧ್ಯಾಹ್ನ, ನಾನು ಗಂಜಿ ಕುಡಿಸುತ್ತಿದ್ದಾಗ ತಮ್ಮ ಬಾಯಿ ತೆರೆದ. ಆನೆ ಬರುವುದು ಅವನಿಗೆ ಮೊದಲೇ ತಿಳಿದಿತ್ತು. ಕೊಂಬೆ ಮುರಿದ ಸದ್ದು ಕೇಳಿ ತಲೆಗೆ ಕಟ್ಟಿಕೊಂಡ ಲೈಟು ಆರಿಸಿ ಕಣಿಗೆ ಹಾರಿದ. ಆನೆ ಅವನ ತಲೆಯ ಹತ್ತಿರದಿಂದಲೇ ದಾಟಿತು. ದಾಟಿ ಅಕ್ಕನ ಸಾಲುಗಳ ಕಡೆ ಹೋಯಿತು. ಅವಳ ತಲೆಯ ಲೈಟು ಮರಗಳ ನಡುವೆ ಕಾಣುತ್ತಿತ್ತಂತೆ. "ನಾನು ಕೂಗಲಿಲ್ಲ," ಎಂದ. "ಕೂಗಬೇಕು ಅಂತ ಇತ್ತು. ಸ್ವರ ಬರಲಿಲ್ಲ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಅಪ್ಪನಿಗೆ ಹೇಳಬೇಡ ಎಂದ.

ನಾನು ಹೇಳಲಿಲ್ಲ. ನನ್ನದೂ ಒಂದು ಒಳಗಿತ್ತು.

ಎರಡು ವಾರ ಕಳೆದು ಭಾನುವಾರದ ಆರಾಧನೆಯಲ್ಲಿ ನಮ್ಮ ಪಾಸ್ಟರ್ ಅಪ್ಪನನ್ನು ಸಾಕ್ಷಿ ಹೇಳಲು ಕರೆದರು. ಅವರು ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಕರೆದದ್ದು. ಆನೆಯ ಕಾಲಡಿಯಿಂದ ಮಗನನ್ನು ದೇವರು ಎತ್ತಿಕೊಟ್ಟದ್ದಕ್ಕೆ ಸ್ತೋತ್ರ ಸಲ್ಲಿಸೋಣ ಎಂದರು. ಅಕ್ಕನ ಗಂಡ ಮೂರನೇ ಸಾಲಿನ ಕೊನೆಯಲ್ಲಿ ಕೂತಿದ್ದ. ತಮ್ಮ ಬಂದಿರಲಿಲ್ಲ. ಅಪ್ಪ ನನ್ನ ತೋಳು ಹಿಡಿದು ಎದ್ದು ನಿಂತರು. ಮೈಕಿನ ಹತ್ತಿರ ಹೋಗಲಿಲ್ಲ. ಎಲ್ಲರಿಗೂ ತಿಳಿಯಬೇಕು ಎಂದೋ ಏನೋ ಕನ್ನಡದಲ್ಲೇ ಹೇಳಿದರು.

"ನನ್ನ ಮಗನನ್ನು ದೇವರು ಉಳಿಸಿದ ಅಂತ ನಾನು ಇಲ್ಲಿ ಹೇಳಿದ್ರೆ, ಆ ಮಗಳನ್ನು ದೇವರು ಎಂತ ಮಾಡಿದ ಅಂತಲೂ ನಾನೇ ಹೇಳ್ಬೇಕಾಗ್ತದೆ. ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳುದಿಲ್ಲ."

ಕೂತುಬಿಟ್ಟರು. ಪಾಸ್ಟರ್ ಹಾಡು ಶುರುಮಾಡಿದರು. ಹೊರಗೆ ಬಂದ ಮೇಲೆ ಒಬ್ಬಿಬ್ಬರು ಅಪ್ಪನ ನಂಬಿಕೆ ಅಲ್ಲಾಡಿದೆ ಎಂದು ಮಾತಾಡಿಕೊಂಡರು. ನನಗೂ ಹಾಗೇ ಅನ್ನಿಸಿತು. ಮನೆಗೆ ಬರುವ ದಾರಿಯಲ್ಲಿ ತಡೆಯಲಾರದೆ ಕೇಳಿದೆ, ಹಾಗಾದರೆ ಆ ದಿನ ಯಾಕೆ ಓದಿಸಿದಿರಿ, ದೇವರು ಏನು ಮಾಡುತ್ತಾನೆ ಎಂದು ಗೊತ್ತಿಲ್ಲದಿದ್ದರೆ ನಂಬುವುದು ಅಂದರೇನು ಎಂದು.

ಅಪ್ಪ ತಮಿಳಿನಲ್ಲಿ, ಮೆಲ್ಲಗೆ ಹೇಳಿದರು. ಆ ದಿನ ಓದಿಸದಿದ್ದರೆ ಅವರು ಗುಡ್ಡಕ್ಕೆ ಓಡುತ್ತಿದ್ದರಂತೆ. ಕಣ್ಣು ಕಾಣದವ ಆನೆಯ ಎದುರಿಗೆ. ಕೂತಲ್ಲಿ ಕೂರಲು ಏನಾದರೂ ಒಂದು ಬೇಕಿತ್ತು, ದಿನಾ ಮಾಡುವುದು ಅದೊಂದೇ ಇತ್ತು. ಕೀರ್ತನೆ ಯಾಕೆ ಬೇಡ ಎಂದಿರಿ ಎಂದು ಕೇಳಿದೆ. ನಮಗೆ ಬೇಕಾದ್ದನ್ನೇ ಹುಡುಕಿ ಓದಿದರೆ ನಮ್ಮ ಮಾತೇ ನಮಗೆ ತಿರುಗಿ ಕೇಳಿಸುತ್ತದೆ, ಆತನ ಮಾತು ಕೇಳಿಸುವುದಿಲ್ಲ ಎಂದರು. ಆ ಪಟ್ಟಿಯಲ್ಲಿ ಏನು ಕೇಳಿಸಿತು ಎಂದು ನಾನು ಬಿಡದೆ ಕೇಳಿದೆ. "ಹೆಸರು," ಎಂದರು. ಕಲ್ಲು ಹೊತ್ತವರ ಹೆಸರನ್ನು ಇಷ್ಟು ಕಾಲ ಮರೆಯದೆ ಇಟ್ಟುಕೊಂಡವನು ಮರ ಕೆತ್ತುವವರನ್ನೂ ಮರೆಯುವುದಿಲ್ಲ ಎಂದು ಅವರಿಗೆ ಅನ್ನಿಸಿತಂತೆ. ಇಬ್ಬರನ್ನೂ ಎಂದರು. ಉಳಿಸುತ್ತಾನೆ ಎಂದು ಅನ್ನಿಸಲಿಲ್ಲ, ಮರೆಯುವುದಿಲ್ಲ ಎಂದು ಅನ್ನಿಸಿತು, ಅಷ್ಟೇ.

ಅಷ್ಟೇ ಎಂಬುದು ನನಗೆ ಸಾಲಲಿಲ್ಲ. ಆದರೆ ಆ ವಾರದಿಂದ ಬೆಳಿಗ್ಗೆ ಫೋನಿನಲ್ಲಿ ಓದುವಾಗ ನನ್ನ ತಲೆ ಬೇರೆ ಕಡೆ ಹೋಗುವುದು ಕಡಿಮೆಯಾಯಿತು. ಜಗಳಕ್ಕೆ ನಿಂತವಳ ಹಾಗೆ ಓದುತ್ತಿದ್ದೆ. ಪ್ರತಿ ವಾಕ್ಯವನ್ನೂ ಅಕ್ಕನ ಎದುರಿಗಿಟ್ಟು ನೋಡುತ್ತಿದ್ದೆ.

ತಮ್ಮನ ಭುಜ ಸರಿಯಾಯಿತು. ಅವನು ಸರಿಯಾಗಲಿಲ್ಲ. ಅಪ್ಪ ಓದಿಗೆ ಕೂತ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದ. ಅಕ್ಕನ ಮನೆಯ ಎದುರು ಹಾದು ಹೋಗಬಾರದೆಂದು ಲೈನಿನ ಹಿಂದಿನ ಕೆಸರು ದಾರಿಯಲ್ಲಿ ಸುತ್ತಿ ಹೋಗುತ್ತಿದ್ದ. ಕೆಲಸಕ್ಕೆ ಹೋಗಲಿಲ್ಲ. ನಾನು ಶನಿವಾರ ಬಂದಾಗಲೆಲ್ಲ ಅವನ ಮುಖ ಇನ್ನಷ್ಟು ಸಣ್ಣದಾಗಿರುತ್ತಿತ್ತು.

ಆರು ವಾರ ಕಳೆದಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಓದಲು ಶುರುಮಾಡುವಾಗ ಅಕ್ಕನ ಗಂಡ ಅಂಗಳಕ್ಕೆ ಬಂದು ನಿಂತ. ತಮ್ಮ ಹೊರಗೆ ಹೋಗಲು ಎದ್ದಿದ್ದವನು ಮೆಟ್ಟಿಲಲ್ಲೇ ಸಿಕ್ಕಿಬಿದ್ದ. ಅಕ್ಕನ ಗಂಡನಿಗೆ ಯಾರೋ ಏನೋ ಹೇಳಿದ್ದಾರೆ, ಕೇಳಲು ಬಂದಿದ್ದಾನೆ ಎಂದುಕೊಂಡೆ. ಅಪ್ಪ ಯಾರು ಎಂದು ಕೇಳಿದರು. ಅವನು ತಾನೆಂದ. ಕೂರು, ಓದು ನಡೀತಾ ಉಂಟು ಎಂದರು ಅಪ್ಪ. ಅವನು ಮೆಟ್ಟಿಲ ಮೇಲೆ ಕೂತ. ತಮ್ಮನಿಗೆ ದಾಟಲು ಜಾಗ ಉಳಿಯಲಿಲ್ಲ.

ಅಷ್ಟರಲ್ಲಿ ನಮ್ಮ ಓದು ಯೋಬನ ಪುಸ್ತಕದ ನಡುವಿಗೆ ಬಂದಿತ್ತು. ಮಕ್ಕಳನ್ನೂ ಎಲ್ಲವನ್ನೂ ಕಳಕೊಂಡು ಬೂದಿಯಲ್ಲಿ ಕೂತ ಮನುಷ್ಯನಿಗೆ ಅವನ ಸ್ನೇಹಿತ ಹೇಳುವ ಮಾತು ಆ ದಿನದ್ದು. ನಿನ್ನ ಪಾಪ ದೊಡ್ಡದು, ಬಡವನಿಗೆ ನೀರು ಕೊಡಲಿಲ್ಲ, ಹಸಿದವನಿಗೆ ಅನ್ನ ಕೊಡಲಿಲ್ಲ, ಅದಕ್ಕೇ ನಿನಗೆ ಹೀಗಾಯಿತು ಎಂಬ ಅರ್ಥದ್ದು. ಓದುತ್ತಿದ್ದಂತೆ ಬಿಟ್ಟು ಮುಂದೆ ಹೋಗಲೇ ಅನ್ನಿಸಿತು. ಪಕ್ಕದಲ್ಲಿ ಅಪ್ಪ. ಕೊನೆಯವರೆಗೆ ಓದಿದೆ.

ಅಕ್ಕನ ಗಂಡ ಕೇಳಿದ, "ಇದು ಹೇಳಿದ್ದು ದೇವರಾ?"

ಅಲ್ಲ, ಸ್ನೇಹಿತ ಎಂದರು ಅಪ್ಪ. ಅವನು ಹೇಳಿದ್ದು ತಪ್ಪು ಎಂದು ಕೊನೆಯಲ್ಲಿ ದೇವರೇ ಹೇಳುತ್ತಾನೆ, ಅಲ್ಲಿಯವರೆಗೆ ಕಾಯಬೇಕು, ಇನ್ನೂ ಇಪ್ಪತ್ತು ದಿನ ಉಂಟು ಎಂದರು.

ಆಗ ತಮ್ಮ ನಿಂತಲ್ಲಿಂದಲೇ ಹೇಳಿಬಿಟ್ಟ. ಆಸ್ಪತ್ರೆಯಲ್ಲಿ ನನಗೆ ಹೇಳಿದ್ದೆಲ್ಲವನ್ನೂ ಅಕ್ಕನ ಗಂಡನ ಬೆನ್ನಿಗೆ ಹೇಳಿದ. ಲೈಟು ಕಾಣುತ್ತಿತ್ತು, ನಾನು ಕೂಗಲಿಲ್ಲ ಎಂದ. ಅಪ್ಪನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅಕ್ಕನ ಗಂಡ ತಿರುಗಲಿಲ್ಲ. ಕಿಸೆಯಿಂದ ಫೋನು ತೆಗೆದ. ಅದನ್ನು ಒತ್ತಿ ಒತ್ತಿ ಏನನ್ನೋ ಹುಡುಕಿ ಹಿಂದಕ್ಕೆ ಚಾಚಿದ. ತಮ್ಮ ತೆಗೆದುಕೊಳ್ಳಲಿಲ್ಲ, ನಾನು ತೆಗೆದುಕೊಂಡೆ. ಆ ದಿನದ ಬೆಳಿಗ್ಗೆಯದ್ದು, ಆರು ಗಂಟೆ ಕಳೆದ ಮೇಲೆ ಒಂದರ ಹಿಂದೆ ಒಂದು ಮೂರು ಕರೆ. ಮೂರನ್ನೂ ಎತ್ತಿರಲಿಲ್ಲ.

"ಅವಳಿಗೆ ಗೊತ್ತಿತ್ತು ಮಾರಾಯ," ಎಂದ. "ಆನೆ ಬಂದದ್ದು ಗೊತ್ತಿತ್ತು. ನನಗೆ ಮಾಡಿದ್ದಾಳೆ. ನನ್ನ ಕೈಯಲ್ಲಿ ಸಾಬೂನು ಇತ್ತು, ಫೋನು ಕಿಸೆಯಲ್ಲಿ. ಮತ್ತೆ ಮಾಡುವಾ ಅಂತ ಬಿಟ್ಟೆ."

ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಪೊಲೀಸರಿಗೂ ಅಲ್ಲ, ಪಾಸ್ಟರಿಗೂ ಅಲ್ಲ. ತಮ್ಮ ಮೆಟ್ಟಿಲ ಮೇಲೆ ಅವನ ಪಕ್ಕ ಕುಸಿದು ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಅಂಗಳವನ್ನೇ ನೋಡುತ್ತಿದ್ದರು. ಅಪ್ಪ ಪ್ರಾರ್ಥನೆ ಮಾಡುತ್ತಾರೆ ಎಂದುಕೊಂಡೆ, ಮಾಡಲಿಲ್ಲ. ಚಾ ಇಡು ಎಂದರು ನನಗೆ. ಒಲೆಯ ಹತ್ತಿರ ನಿಂತು ಅತ್ತೆ. ಆ ಮೂರು ನಿಮಿಷದ ನನ್ನ ಪ್ರಾರ್ಥನೆಯನ್ನು ಮಾತ್ರ ಆಗಲೂ ಹೊರಗೆ ಹೇಳಲಾಗಲಿಲ್ಲ. ಈಗ ಇಲ್ಲಿ ಬರೆದದ್ದೇ ಮೊದಲು.

ಇಪ್ಪತ್ತು ದಿನವೂ ಅಕ್ಕನ ಗಂಡ ತಪ್ಪದೆ ಬಂದ. ನಾನು ಬೆಟ್ಟಂಪಾಡಿಯಿಂದ ಓದುವಾಗ ಫೋನಿನ ಆ ಕಡೆ ಅವನ ಕೆಮ್ಮು ಕೇಳುತ್ತಿತ್ತು. ಕೊನೆಯ ಅಧ್ಯಾಯದ ದಿನ ದೇವರು ಸ್ನೇಹಿತರನ್ನು ಗದರಿಸುವ ಭಾಗ ಬಂದಾಗ ಇನ್ನೊಮ್ಮೆ ಓದು ಎಂದ. ಓದಿದೆ. ಆ ಮನುಷ್ಯನಿಗೆ ಬೇರೆ ಮಕ್ಕಳು ಹುಟ್ಟಿದರು ಎಂಬಲ್ಲಿಗೆ ಬಂದಾಗ ಅವನು ಎದ್ದು ಹೋದನಂತೆ. ಮರುದಿನ ಬರಲಿಲ್ಲ. ಆಮೇಲೆ ಕೆಲವೊಮ್ಮೆ ಬರುತ್ತಾನೆ, ಕೆಲವೊಮ್ಮೆ ಇಲ್ಲ. ಅಪ್ಪ ಯಾಕೆ ಎಂದು ಕೇಳುವುದಿಲ್ಲ.

ತಮ್ಮ ಮರ ಕೆತ್ತುವುದಕ್ಕೆ ಹಿಂದಿರುಗಲಿಲ್ಲ. ಈಗ ಕಡಬದ ಕಡೆ, ಕೊಯಿಲದಲ್ಲಿ ದನಗಳ ಆರೈಕೆಯ ಕೂಲಿಗೆ ಹೋಗುತ್ತಾನೆ. ಬೆಳಗಾದ ಮೇಲೆ ಹೊರಡುವ ಕೆಲಸ. ಹೊರಡುವ ಮೊದಲು ಓದು ಮುಗಿಯುವವರೆಗೆ ಕೂರುತ್ತಾನೆ, ಅರ್ಧ ಕೇಳುತ್ತಾನೆ, ಅರ್ಧ ಬೂಟಿನ ಲೇಸು ಕಟ್ಟುತ್ತಾನೆ. ಮೇಲಿನ ಬ್ಲಾಕಿನಲ್ಲಿ ಬೇರೆಯವರು ಕೆಲಸ ಮಾಡುತ್ತಿದ್ದಾರೆ. ಆನೆಗಳು ಈ ವರ್ಷವೂ ಎರಡು ಸಲ ಬಂದು ಹೋಗಿವೆ.

ನನಗೆ ಈಗಲೂ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಫೋನು ರಿಂಗಾದರೆ ಕೈಕಾಲು ತಣ್ಣಗಾಗುತ್ತದೆ. ದೇವರನ್ನು ನಂಬಿದರೆ ಹೆದರಿಕೆ ಹೋಗುತ್ತದೆ ಎಂದು ಹೇಳುವವರ ಎದುರು ನಾನು ಸುಮ್ಮನಿರುತ್ತೇನೆ. ನನ್ನದು ಹೋಗಿಲ್ಲ. ಹೆದರಿಕೊಂಡೇ ಪುಸ್ತಕ ತೆರೆಯುತ್ತೇನೆ. ಯಾವ ಪುಟದಲ್ಲಿ ಏನಿದೆಯೋ ಅದನ್ನೇ ಓದುತ್ತೇನೆ, ಹಾರಿಸುವುದಿಲ್ಲ. ಶನಿವಾರ ಮನೆಗೆ ಹೋದಾಗ ಅಪ್ಪನ ಕಣ್ಣಿಗೆ ಔಷಧಿ ಹಾಕಿ, ಎರಡು ನಿಮಿಷ ಮುಚ್ಚಿರಿ ಎಂದು ಹೇಳಿ, ಆ ಎರಡು ನಿಮಿಷದಲ್ಲಿ ಮರುದಿನದ ಅಧ್ಯಾಯವನ್ನು ನನಗಾಗಿ ಒಮ್ಮೆ ಮೊದಲೇ ಓದಿಕೊಳ್ಳುತ್ತೇನೆ. ಅಪ್ಪನಿಗೆ ಅದು ತಿಳಿದಿದೆ. ಒಮ್ಮೆ ಕಣ್ಣು ಮುಚ್ಚಿಕೊಂಡೇ ನಾಳೆ ಏನು ಉಂಟು ಎಂದು ಕೇಳಿದರು. ಕಷ್ಟದ್ದು ಉಂಟು ಎಂದೆ. ಓದುವಾ ಎಂದರು.